ಹದಿಮೂರನೇ ತಿದ್ದುಪಡಿಯೊಳಗಿನ ‘ಹೊರತು’: ಡೆಟ್ರಾಯಿಟ್‌ನ ಜನಪ್ರತಿನಿಧಿಗೆ ಬಹಿರಂಗ ಪತ್ರ

ಮಾನ್ಯ ಶ್ರೀ ಥಾಣೇದಾರ್ ಅವರಿಗೆ,
ಸದಸ್ಯರು, ಅಮೆರಿಕ ಸಂಸತ್ತಿನ ಪ್ರತಿನಿಧಿ ಸಭೆ, ಮಿಷಿಗನ್ 13ನೇ ಕ್ಷೇತ್ರ

ನಮಸ್ಕಾರಗಳು. ‘ಶ್ರೀ’ ನಿಮ್ಮ ಹೆಸರೇ ಆಗಿರುವುದರಿಂದ ಅದರ ಹಿಂದೆ ಇನ್ನೊಂದು ಶ್ರೀ ಬರೆದಿಲ್ಲ, ಅಗೌರವವೆಂದು ಭಾವಿಸಬಾರದು. ಡೆಟ್ರಾಯಿಟ್‌ನ ಪ್ರತಿನಿಧಿಗೆ ಕನ್ನಡದಲ್ಲಿ ಪತ್ರವೇಕೆ ಎಂದು ಯಾರಾದರೂ ಕೇಳಿಯಾರು. ಬೆಳಗಾವಿಯಲ್ಲಿ ಬೆಳೆದವರಿಗೆ ಜೀತ, ಬಿಟ್ಟಿ ಚಾಕರಿ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ, ಅದಕ್ಕೆ.

ನಮ್ಮ ಕೋರಿಕೆ ಒಂದೇ. ಅಂತರ್ಯುದ್ಧ ಮುಗಿದ ವರ್ಷ, 1865ರಲ್ಲಿ, ಗುಲಾಮಗಿರಿಯನ್ನು ರದ್ದುಮಾಡಿದ 13ನೇ ತಿದ್ದುಪಡಿಯ ನಡುವೆ ‘ಸಾಬೀತಾದ ಅಪರಾಧಕ್ಕೆ ಶಿಕ್ಷೆಯಾಗಿ ವಿಧಿಸಿದ್ದರ ಹೊರತು’ ಎಂಬ ಮಾತು ಇಂದಿಗೂ ಕೂತಿದೆ. ಅದನ್ನು ಕೊನೆಗಾಣಿಸುವ ಕೆಲಸಕ್ಕೆ ವಾಷಿಂಗ್ಟನ್‌ನಲ್ಲೂ ಮಿಷಿಗನ್ ರಾಜಧಾನಿ ಲ್ಯಾನ್ಸಿಂಗ್‌ನಲ್ಲೂ ನೀವು ಮುಂದೆ ನಿಲ್ಲಬೇಕು. ನಿಮ್ಮನ್ನೇ ಕೇಳುವುದಕ್ಕೆ ಕಾರಣ ಇದೆ: ಆ ಮಾತು ಒಳಗೆ ಬಂದದ್ದು ಡೆಟ್ರಾಯಿಟ್‌ನವರೊಬ್ಬರ ಸಲಹೆಯಿಂದ.

1864ರಲ್ಲಿ ಸೆನೆಟರ್ ಚಾರ್ಲ್ಸ್ ಸಮ್ನರ್, ಕಾನೂನಿನ ಮುಂದೆ ಎಲ್ಲರೂ ಸಮಾನರು, ಆದ್ದರಿಂದ ಯಾರೂ ಯಾರನ್ನೂ ಗುಲಾಮರನ್ನಾಗಿ ಇಟ್ಟುಕೊಳ್ಳುವಂತಿಲ್ಲ ಎಂಬ ಅರ್ಥದ ಒಕ್ಕಣೆ ಮುಂದಿಟ್ಟಿದ್ದರು. ಅದರಲ್ಲಿ ‘ಹೊರತು’ ಇರಲಿಲ್ಲ. ಡೆಟ್ರಾಯಿಟ್‌ನ ವಕೀಲರೂ ಮಿಷಿಗನ್ ಸೆನೆಟರೂ ಆಗಿದ್ದ ಜೇಕಬ್ ಹೊವಾರ್ಡ್ ಒಪ್ಪಲಿಲ್ಲ. ಅದು ಫ್ರೆಂಚರ ಮಾತಿನ ಧಾಟಿ, ನಮಗೆ 1787ರ ವಾಯವ್ಯ ಪ್ರಾಂತ್ಯದ ಶಾಸನದ ಹಳೆಯ ಮಾತೇ ಸಾಕು ಎಂದರು. ಆ ಶಾಸನ ಬರೆದದ್ದು ಮುಂದೆ ಒಹಾಯೊ, ಮಿಷಿಗನ್ ಮುಂತಾದ ರಾಜ್ಯಗಳಾದ ನೆಲಕ್ಕೆ. ಅಲ್ಲಿನ ‘ಹೊರತು’ ಸಮೇತ ವಾಕ್ಯ ಹೆಚ್ಚು ಚರ್ಚೆಯಿಲ್ಲದೆ ಇಡೀ ದೇಶದ ಸಂವಿಧಾನಕ್ಕೆ ಬಂತು. ಹಳೆಯ ಪತ್ರ ನೋಡಿ ಹೊಸ ಪತ್ರ ಬರೆಯುವವರು ಮಾಡುವ ತಪ್ಪು ಇದೇ. ಹೊವಾರ್ಡ್ ಕೆಟ್ಟವರಲ್ಲ, 1866ರಲ್ಲಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವ 14ನೇ ತಿದ್ದುಪಡಿಯನ್ನು ಸೆನೆಟ್ಟಿನಲ್ಲಿ ಮಂಡಿಸಿ ವಿವರಿಸಿದವರೂ ಅವರೇ.

ತಿದ್ದುಪಡಿಗೆ ಬೇಕಾದ ಕೊನೆಯ ರಾಜ್ಯದ ಒಪ್ಪಿಗೆ ಸಿಕ್ಕಿದ್ದು 1865ರ ಡಿಸೆಂಬರ್ 6ರಂದು. ಅದಕ್ಕೂ ಮೊದಲೇ, ನವೆಂಬರ್‌ನಲ್ಲಿ, ಮಿಸಿಸಿಪ್ಪಿಯ ಶಾಸಕರು ಬಿಡುಗಡೆಯಾದವರಿಗಾಗಿಯೇ ಕಾನೂನು ಹೊಸೆದಿದ್ದರು. ಜನವರಿಯ ಎರಡನೇ ಸೋಮವಾರ ಕೆಲಸವಿಲ್ಲದೆ ಸಿಕ್ಕ ಕರಿಯರೆಲ್ಲ ‘ಅಲೆಮಾರಿ’ಗಳು, ಅಂದರೆ ಅಪರಾಧಿಗಳು. ದಂಡ 50 ಡಾಲರ್‌ವರೆಗೆ. ಐದು ದಿನದಲ್ಲಿ ಕಟ್ಟದಿದ್ದರೆ ಷೆರೀಫ್ ಅವರನ್ನು ಬಾಡಿಗೆಗೆ ಕೊಡಬೇಕು. ದಂಡ ಕಟ್ಟಿ ಯಾರು ಅತಿ ಕಡಿಮೆ ಅವಧಿ ದುಡಿಸಿಕೊಳ್ಳಲು ಒಪ್ಪುತ್ತಾರೋ ಅವರಿಗೆ. ಕರಾರಿನ ಅವಧಿ ಮುಗಿಯುವ ಮುನ್ನ ಕೆಲಸ ಬಿಟ್ಟರೆ ಆ ವರ್ಷ ಅಲ್ಲಿಯವರೆಗೆ ದುಡಿದ ಕೂಲಿಯೆಲ್ಲ ಹೋಯಿತು. ಓಡಿಹೋದವರನ್ನು ಹಿಡಿದು ತಂದವರಿಗೆ 5 ಡಾಲರ್, ಜೊತೆಗೆ ಮೈಲಿಗೆ 10 ಸೆಂಟ್ ಭತ್ಯೆ. ಊರ ಹೊರಗೆ ಜಮೀನು ಗೇಣಿಗೆ ಹಿಡಿಯುವ ದಾರಿಯನ್ನೂ ಅದೇ ಸಲ ಮುಚ್ಚಿದ್ದರು. ಈ ತುಂಡುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಸಣ್ಣಪುಟ್ಟ ಕಟ್ಟಳೆಗಳು, ಜೋಡಿಸಿದರೆ ಬಾಗಿಲೇ ಇಲ್ಲದ ಕೋಣೆ.

1866ರ ಡಿಸೆಂಬರ್ 8ರಂದು ಮೇರಿಲ್ಯಾಂಡ್‌ನ ಅನ್ನಾಪೊಲಿಸ್ ನ್ಯಾಯಾಲಯದ ಬಾಗಿಲಲ್ಲಿ ಕಳ್ಳತನದ ಶಿಕ್ಷೆಯಾಗಿದ್ದ ಒಬ್ಬ ಕರಿಯ ಗಂಡಸನ್ನು ಆರು ತಿಂಗಳಿಗೆ ಮಾರುವುದಾಗಿ ಪ್ರಕಟಣೆ ಹೊರಟಿತ್ತು. ಲಿಲಾವು, ಅದೂ ನಗದಿಗೆ. ಮರುತಿಂಗಳು ಪ್ರತಿನಿಧಿ ಸಭೆಯಲ್ಲಿ ಅಯೋವಾದ ಸದಸ್ಯ ಜಾನ್ ಕ್ಯಾಸನ್, ಈ ‘ಹೊರತು’ ಅಂದರೆ ಸರ್ಕಾರಿ ಅಧಿಕಾರಿಯ ನೇರ ಉಸ್ತುವಾರಿಯ ಶಿಕ್ಷೆ ಮಾತ್ರ, ಖಾಸಗಿಯವರಿಗೆ ಮಾರುವುದಲ್ಲ ಎಂಬ ಗೊತ್ತುವಳಿ ತಂದರು. ನಿಮ್ಮ ಸಭೆ ಅಂಗೀಕರಿಸಿತು, ಸೆನೆಟ್ಟಿನಲ್ಲಿ ಅದು ಸತ್ತಿತು. ಇದು ಕೈಗೆ ಬಂದು ತಪ್ಪಿದ ಅವಕಾಶ. 1866ರ ನಾಗರಿಕ ಹಕ್ಕುಗಳ ಕಾಯ್ದೆ, ಸೋತ ದಕ್ಷಿಣದ ರಾಜ್ಯಗಳನ್ನು ಮತ್ತೆ ಕಟ್ಟಲು ತಂದ 1867ರ ಮರುನಿರ್ಮಾಣ ಕಾಯ್ದೆಗಳು, ದಕ್ಷಿಣದಲ್ಲಿ ನಿಂತಿದ್ದ ಸೇನೆ, ಇವೆಲ್ಲ ಬಣ್ಣದ ಹೆಸರೆತ್ತಿ ಬರೆದ ಕಾನೂನುಗಳನ್ನು ತಡೆದವು ನಿಜ. ಸಂವಿಧಾನದ ಬಿರುಕು ಮಾತ್ರ ಹಾಗೇ ಉಳಿಯಿತು.

ಮುಂದೆ ಬಂದ ಕಾನೂನುಗಳು ಬಣ್ಣದ ಹೆಸರೆತ್ತಲೇ ಇಲ್ಲ. 1876ರಲ್ಲಿ ಮಿಸಿಸಿಪ್ಪಿ, ಹಂದಿ ಕದ್ದರೂ ದೊಡ್ಡ ಕಳ್ಳತನ, 10 ಡಾಲರಿನ ಮಾಲು ಕದ್ದರೂ ದೊಡ್ಡ ಕಳ್ಳತನ ಎಂದಿತು. ಐದು ವರ್ಷದವರೆಗೆ ಸಜೆ. 1874ರಲ್ಲಿ 272 ಇದ್ದ ಕೈದಿಗಳ ಸಂಖ್ಯೆ 1877ರ ಕೊನೆಗೆ 1,072 ಆಯಿತು. ಅವರನ್ನು ತೋಟ, ರೈಲು ಹಾದಿ, ಗಣಿಗಳ ಗುತ್ತಿಗೆದಾರರಿಗೆ ಕೊಟ್ಟರು. ಗುಲಾಮನನ್ನು ಕೊಂಡವನು ಬಂಡವಾಳ ಹೂಡಿರುತ್ತಿದ್ದ, ಗುತ್ತಿಗೆ ಹಿಡಿದವನಿಗೆ ಆ ಹಂಗೂ ಇಲ್ಲ. ಕೈದಿ ಸತ್ತರೆ ಮತ್ತೊಬ್ಬ ಸಿಗುತ್ತಾನೆ. 1898ರಲ್ಲಿ ಅಲಬಾಮಾ ರಾಜ್ಯದ ವರಮಾನದ ಸುಮಾರು ಶೇಕಡಾ 73 ಪಾಲು ಹೀಗೆ ಬಂದದ್ದು. ಅಲ್ಲಿ ಈ ಪದ್ಧತಿ ನಿಂತದ್ದು 1928ರಲ್ಲಿ. ನಿಮ್ಮ ಮತದಾರರಲ್ಲಿ ಎಷ್ಟೋ ಮಂದಿಯ ಅಜ್ಜ, ಮುತ್ತಜ್ಜಂದಿರು ಡೆಟ್ರಾಯಿಟ್‌ನ ರೈಲು ಹತ್ತಿದ್ದು ಅಲಬಾಮಾ, ಮಿಸಿಸಿಪ್ಪಿ, ಜಾರ್ಜಿಯಾಗಳಿಂದಲೇ.

ಇನ್ನು ಆಗಬೇಕಾದ ಕೆಲಸ. 2020ರ ಡಿಸೆಂಬರ್‌ನಲ್ಲಿ ಮೊದಲು ಮಂಡನೆಯಾದ, ಈ ‘ಹೊರತು’ವನ್ನು ತೆಗೆಯುವ ‘ರದ್ದತಿ ತಿದ್ದುಪಡಿ’ಗೆ ಪ್ರತಿನಿಧಿ ಸಭೆಯ ಎಲ್ಲರೂ ಹಾಜರಿದ್ದರೆ 290 ಮತ, ಸೆನೆಟ್ಟಿನಲ್ಲಿ 67, ಆಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ದೂರದ ದಾರಿ. ಅದಕ್ಕೇ ರಾಜ್ಯಗಳು ತಮ್ಮ ಸಂವಿಧಾನಗಳನ್ನು ತಾವೇ ತಿದ್ದತೊಡಗಿವೆ: 2018ರಲ್ಲಿ ಕೊಲೊರಾಡೊ, 2020ರಲ್ಲಿ ನೆಬ್ರಾಸ್ಕಾ ಮತ್ತು ಯೂಟಾ, 2022ರಲ್ಲಿ ಅಲಬಾಮಾ, ಆರೆಗಾನ್, ಟೆನೆಸಿ, ವರ್ಮಾಂಟ್, 2024ರಲ್ಲಿ ನೆವಾಡಾ. ಎಡವಿದ್ದೂ ಇದೆ. ಲೂಸಿಯಾನಾದಲ್ಲಿ ಒಕ್ಕಣೆ ಎಷ್ಟು ಗೊಂದಲವಾಯಿತೆಂದರೆ ಪ್ರಸ್ತಾಪ ತಂದ ಶಾಸಕರೇ ಬೇಡವೆಂದು ಮತ ಹಾಕಲು ಹೇಳಿದರು. ಯೂಟಾ ಒಂದು ಬಾಗಿಲು ಮುಚ್ಚಿ, ‘ಅಪರಾಧ ನ್ಯಾಯ ವ್ಯವಸ್ಥೆಯ ಕಾನೂನುಬದ್ಧ ಆಡಳಿತಕ್ಕೆ ಇದು ಅನ್ವಯಿಸದು’ ಎಂದು ಪಕ್ಕದ ಕಿಟಕಿ ತೆರೆಯಿತು. ಕೊಲೊರಾಡೊದಲ್ಲಿ ಪದ ತೆಗೆದರೂ, ಕೆಲಸ ಒಲ್ಲೆನೆಂದ ಕೈದಿಗೆ ಶಿಸ್ತಿನ ಕ್ರಮ ನಿಲ್ಲಲಿಲ್ಲವೆಂದು ಜನ ಕೋರ್ಟಿಗೆ ಹೋಗಬೇಕಾಯಿತು. ಹಾಗಾಗಿ ತಿದ್ದುಪಡಿಯ ಜೊತೆಗೇ ಮೂರು ಸಂಗತಿ ಕಾಯ್ದೆಯಾಗಬೇಕು: ಒಲ್ಲೆನೆಂದವರ ಶಿಕ್ಷಾ ರಿಯಾಯಿತಿಯನ್ನಾಗಲಿ ಮನೆಯವರ ಭೇಟಿಯನ್ನಾಗಲಿ ಕಿತ್ತುಕೊಳ್ಳಬಾರದು, ನಿಗದಿತ ಕೂಲಿ ಇರಬೇಕು, ಹೊರಗಿನ ಕೆಲಸಗಾರರಿಗಿರುವ ಸುರಕ್ಷತಾ ನಿಯಮವೇ ಒಳಗೂ ನಡೆಯಬೇಕು.

ನಮ್ಮಲ್ಲಿ ಎಲ್ಲ ಸರಿಯಿದೆ ಎಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಭಾರತ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸುವಾಗ ಶಿಕ್ಷೆಯ ‘ಹೊರತು’ ಬರೆದಿಲ್ಲ. ಕಠಿಣ ಸಜೆಯಲ್ಲಿ ದುಡಿಸಬಹುದು, ಆದರೆ ನ್ಯಾಯವಾದ ಕೂಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ಜೈಲಿನಲ್ಲಿ ಜಾತಿ ನೋಡಿ ಕಸಬರಿಗೆ ಕೊಡುವ ನಿಯಮಗಳನ್ನು ಹೊಡೆದುಹಾಕಲು ಮಾತ್ರ 2024ರವರೆಗೆ ಕಾಯಬೇಕಾಯಿತು.

ಮಿಷಿಗನ್ ಸಂವಿಧಾನದ ಮೊದಲ ಪರಿಚ್ಛೇದದ 9ನೇ ವಿಭಾಗದಲ್ಲಿ ಅದೇ ಹಳೆಯ ‘ಹೊರತು’ ಇದೆ. ಅದನ್ನು ತೆಗೆಯಲು ಲ್ಯಾನ್ಸಿಂಗ್‌ನ ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ ಸಿಗಬೇಕು, ಇಲ್ಲವೇ ಸಹಿ ಸಂಗ್ರಹಿಸಬೇಕು. ಎರಡರಲ್ಲೂ ಕೊನೆಯ ಮಾತು ಮತದಾರರದು. 2022ರ ಗವರ್ನರ್ ಚುನಾವಣೆಯ ಲೆಕ್ಕದಲ್ಲಿ ಬೇಕಾದ ಸಹಿ 4,46,198. ರಾಜ್ಯದ ಪ್ರತಿನಿಧಿ ಸಭೆಯಲ್ಲಿ ಕೂತು ಬಂದ ನಿಮಗೆ ಅಲ್ಲಿನ ಬಾಗಿಲುಗಳೆಲ್ಲ ಪರಿಚಿತ. ಮತಪತ್ರದಲ್ಲಿ ಅಚ್ಚಾಗುವ ವಿವರಣೆ 100 ಪದ ಮೀರುವಂತಿಲ್ಲ. ಚುನಾವಣಾ ನಿರ್ದೇಶಕರು ಬರೆಯುತ್ತಾರೆ, ರಾಜ್ಯದ ಮತಪರಿಶೀಲನಾ ಮಂಡಳಿ ಒಪ್ಪುತ್ತದೆ. 2024ರ ಒಂದೇ ದಿನ ನೆವಾಡಾದ ಮತಪತ್ರದಲ್ಲಿ ‘ಗುಲಾಮಗಿರಿ’ ಎಂಬ ಪದವಿತ್ತು, ಕ್ಯಾಲಿಫೋರ್ನಿಯಾದ್ದರಲ್ಲಿ ‘ಬಲವಂತದ ದುಡಿಮೆ’ ಎಂದಷ್ಟೇ ಇತ್ತು. ಮೊದಲನೆಯದು ಗೆದ್ದಿತು, ಎರಡನೆಯದು ಸೋತಿತು. ಆ ಮಂಡಳಿಯ ಸಭೆ ನಡೆಯುವ ದಿನ ನೀವು ಅಲ್ಲಿ ಇದ್ದು, ನೂರು ಪದಗಳೊಳಗೆ ‘ಗುಲಾಮಗಿರಿ’ ಎಂಬುದು ತಪ್ಪದೆ ಇರುವಂತೆ ನೋಡಿಕೊಳ್ಳಿ.

ಇಂತಿ,
ಮರುನಿರ್ಮಾಣ ಕಾಲದ ಚರಿತ್ರೆಯನ್ನು ಓದುವ, ಓದಿಸುವ ಕನ್ನಡಿಗರು