ನೀನು ಕಳಿಸಿದ ಪಿಸ್ಟನ್ ಓಡುತ್ತಿದೆ, ಮಾರಾಯ

ಪ್ರೀತಿಯ ಗೆಳೆಯ,

ನೀನು ರಾಜ್‌ಕೋಟ್‌ನಿಂದ ಕಳಿಸಿದ ಹಳೇ ಡೀಸೆಲ್ ಇಂಜಿನ್ನಿನ ಸಾಮಾನಿನ ಪಾರ್ಸೆಲ್ ಆಷಾಢದ ಜಡಿಮಳೆಯಲ್ಲಿ ಬಂದು ಮುಟ್ಟಿತು. ಆಗ ಎರಡು ಸಾಲು ಮೆಸೇಜ್ ಹಾಕಿದ್ದು ಬಿಟ್ಟರೆ ಆಮೇಲೆ ನಾನು ಏನೂ ಬರೆಯಲಿಲ್ಲ. ತಪ್ಪಾಯಿತು. ಇಂಜಿನ್ ಒಂದು ಸಲ ಓಡಲಿ, ಎಲ್ಲ ಒಟ್ಟಿಗೆ ಬರೆಯೋಣ ಅಂತ ಕಾದೆ. ಈಗ ಓಡಿದೆ. ಮಾರಾಟದ ಮಾತೂ ಮುಗಿದಿದೆ. ಯಾರಿಗೆ, ಎಷ್ಟಕ್ಕೆ, ಯಾಕೆ ಅಂತ ನಿನಗೆ ಹೇಳಲೇಬೇಕು, ಯಾಕೆಂದರೆ ಅದರೊಳಗೆ ನಿನ್ನ ಓಡಾಟವೂ ಇದೆ. ನಮ್ಮ ಕಡೆ ಇನ್ನೂ ಎಷ್ಟೋ ಕೊಟ್ಟಿಗೆಗಳಲ್ಲಿ ಇಂಥ ಇಂಜಿನ್ ಬಿದ್ದಿರುತ್ತವೆ ಅಲ್ವಾ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಯಾವ ಇಂಜಿನ್ ಅಂತ ನಿನಗೆ ನೆನಪಿರಲೇಬೇಕು. ಶಿರಸಿಯ ಆಚೆ ನನ್ನ ಸೋದರಮಾವನ ತೋಟದಲ್ಲಿ ಹಳ್ಳದ ನೀರು ಎತ್ತಲು ಇದ್ದದ್ದು. ಆಲೆಮನೆ ಬಂತೆಂದರೆ ಅದನ್ನೇ ಗದ್ದೆಗೆ ಎಳೆದೊಯ್ದು ಕಬ್ಬಿನ ಗಾಣಕ್ಕೆ ಬೆಲ್ಟ್ ಹಾಕುತ್ತಿದ್ದರು. ನೀನೂ ನಾನೂ ಕಬ್ಬಿನ ಹಾಲು ಕುಡಿದು ಹೊಟ್ಟೆ ಬಿಗಿದು, ಕೊಪ್ಪರಿಗೆಯ ಬೆಂಕಿಯ ಹತ್ತಿರ ಕಂಬಳಿ ಹೊದ್ದು ಮಲಗಿದ್ದೆವು, ರಾತ್ರಿಯಿಡೀ ಡುಕ್, ಡುಕ್, ಡುಕ್. ಆಮೇಲೆ ತೋಟಕ್ಕೆ ಕರೆಂಟ್ ಬಂತು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ ಅಂತಾದ ಮೇಲೆ ಡೀಸೆಲ್ ಸುರಿಯುವವರು ಯಾರು? ಇಂಜಿನ್ ಮೂಲೆ ಸೇರಿತು. ಮೇಲೆ ಸೋಗೆ ಮುಚ್ಚಿದ್ದರು, ಸೋಗೆ ಕೊಳೆತ ಮೇಲೆ ಅದೂ ಇಲ್ಲ.

ಇದು ಲಿಸ್ಟರ್ ಮಾದರಿಯ 6 ಎಚ್‌ಪಿ ಇಂಜಿನ್. ಮೂಲ ಇಂಜಿನ್ ಇಂಗ್ಲೆಂಡಿನ ಡರ್ಸ್‌ಲಿ ಎಂಬ ಊರಿನ ಲಿಸ್ಟರ್ ಕಂಪನಿಯದ್ದು, 1930ರ ಸುಮಾರಿಗೆ ಬಂದದ್ದು. ಅದನ್ನೇ ನೋಡಿಕೊಂಡು ರಾಜ್‌ಕೋಟ್‌ನ ಕಾರ್ಖಾನೆಗಳು ಸಾವಿರಗಟ್ಟಲೆ ಎರಕ ಹೊಯ್ದು ದೇಶಕ್ಕೆಲ್ಲ ಕಳಿಸಿದವು. ಇದರ ಗುಣ ಇರುವುದು ನಿಧಾನದಲ್ಲಿ. ಈಗಿನ ಪಂಪ್‌ಸೆಟ್ ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಇದು ತಿರುಗುವುದು 650. ಎರಡು ಸುತ್ತಿಗೊಮ್ಮೆ ಉರಿಯುವುದರಿಂದ ನಿಮಿಷಕ್ಕೆ 325 ಪೆಟ್ಟು. ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಎರಡು ಪೆಟ್ಟಿನ ನಡುವೆ ಇಂಜಿನ್ನನ್ನು ಎಳೆದುಕೊಂಡು ಹೋಗುವುದು ಎರಡು ಕಡೆಯ ದೊಡ್ಡ ಫ್ಲೈವೀಲ್, ಅಂದರೆ ಭಾರದ ಕಬ್ಬಿಣದ ಚಕ್ರ. ಅವನ್ನು ಬಿಚ್ಚಿ ಇಳಿಸುವಾಗಲೇ ನಮಗೆ ಸಾಕಾಗಿ ಹೋಯಿತು.

ಮಾವ ದುಡ್ಡು ಬೇಡ ಅಂದ. ನಾನು ಅತ್ತೆಯ ಕೈಗೆ 8,000 ಕೊಟ್ಟು ಬಂದೆ. ದೇವಿಮನೆ ಘಟ್ಟ ಇಳಿಯುವಾಗ ಪಿಕಪ್ ಹಿಂದೆ ನಾನೇ ಕೂತಿದ್ದೆ, ಪ್ರತಿ ತಿರುವಿನಲ್ಲೂ ಹಗ್ಗ ಕಿರ್ ಅನ್ನುತ್ತಿತ್ತು. ಕುಮಟೆ ಮುಟ್ಟುವಾಗ ಕತ್ತಲು. ಇಳಿಸಲು ಪಕ್ಕದ ಮನೆಯ ನಾಲ್ಕು ಜನ ಬಂದರು.

ಪಿಸ್ಟನ್ ಹಿಡಿದು ಕೂತಿತ್ತು. ಹ್ಯಾಂಡಲ್ ಹಾಕಿದರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಸಿಲಿಂಡರಿನ ಮೇಲಿನ ಮುಚ್ಚಳ, ಅಂದರೆ ಹೆಡ್, ತೆಗೆದು ಡೀಸೆಲ್ಲಿಗೆ ಸ್ವಲ್ಪ ಗೇರ್ ಆಯಿಲ್ ಬೆರೆಸಿ ಸಿಲಿಂಡರಿಗೆ ಸುರಿದೆ. ದಿನಾ ಬೆಳಿಗ್ಗೆ ಸಾಗವಾನಿ ತುಂಡು ಇಟ್ಟು ಸುತ್ತಿಗೆಯಿಂದ ಮೆತ್ತಗೆ ನಾಲ್ಕು ಏಟು. ಮೇಸ್ತ್ರಿ ಒಬ್ಬರು ಬಂದು ನೋಡಿ, ಗ್ಯಾಸ್ ಕೊಟ್ಟು ಕಾಯಿಸಿ ದೊಡ್ಡ ಸುತ್ತಿಗೆಯಲ್ಲಿ ಹೊಡೆದರೆ ಐದು ನಿಮಿಷದ ಕೆಲಸ ಅಂದರು. ನಾನು ಬಿಡಲಿಲ್ಲ. ಎರಕದ ಕಬ್ಬಿಣ ಒಮ್ಮೆ ಸೀಳಿದರೆ ಮುಗಿಯಿತು. ಹನ್ನೊಂದನೇ ದಿನ ಏಟು ಹಾಕಿದಾಗ ಸದ್ದು ಬೇರೆ ಬಂತು, ಟಣ್ ಅನ್ನುವ ಬದಲು ದಪ್ ಅಂತ. ಎಣ್ಣೆ ಒಂದು ಗೆರೆಯಷ್ಟು ಕೆಳಗಿಳಿದಿತ್ತು, ಅಂದರೆ ಪಿಸ್ಟನ್ ಅಲುಗಿದೆ. ಆವತ್ತು ನನಗಾದ ಖುಷಿ ಕಡಿಮೆಯದ್ದಲ್ಲ.

ನಿಜವಾದ ರೋಗ ಸಿಕ್ಕಿದ್ದು ಕೆಳಗೆ. ಕ್ರ್ಯಾಂಕ್‌ಕೇಸ್ ಅಂದರೆ ಎಣ್ಣೆ ನಿಲ್ಲುವ ತಳದ ಪೆಟ್ಟಿಗೆ, ಅದರ ಬಾಗಿಲು ತೆಗೆದು ಎಣ್ಣೆಯ ಕೆಸರು ಬಳಿಯುವಾಗ ಬೆರಳಿಗೆ ಏನೋ ತರಿತರಿ ಅನ್ನಿಸಿತು. ಬಿಳಿ ಬಟ್ಟೆಯ ಮೇಲೆ ಹಾಕಿ ಡೀಸೆಲ್ಲಿನಲ್ಲಿ ತೊಳೆದೆ. ಮರಳು! ನಮ್ಮ ಅಘನಾಶಿನಿ ದಂಡೆಯ ಮರಳಲ್ಲ, ಕಪ್ಪು ಬಣ್ಣದ, ಹಿಟ್ಟಿನಷ್ಟು ಸಣ್ಣ, ಎರಕದ ಅಚ್ಚಿಗೆ ಬಳಸುವ ಮರಳು. ಎರಕ ಹೊಯ್ದಾಗ ಮೂಲೆಗಳಲ್ಲಿ ಉಳಿದದ್ದನ್ನು ಯಾರೂ ಸರಿಯಾಗಿ ಕೆರೆದು ತೆಗೆದಿರಲಿಲ್ಲ. ಯಾವ ಫೌಂಡ್ರಿಯದ್ದೋ ಗೊತ್ತಾಗಲಿಲ್ಲ, ಹೆಸರಿನ ಪ್ಲೇಟ್ ಎಂದೋ ಕಿತ್ತು ಹೋಗಿದೆ. ಈ ಇಂಜಿನ್ನಿನಲ್ಲಿ ಎಣ್ಣೆ ಹೇಗೆ ಹೋಗುತ್ತದೆ ಗೊತ್ತಲ್ಲ, ಕನೆಕ್ಟಿಂಗ್ ರಾಡಿನ ಬುಡದಲ್ಲಿ ಸೌಟಿನ ಹಿಡಿಯಂಥ ಒಂದು ಕಡ್ಡಿ ಇರುತ್ತದೆ, ಅದು ಸುತ್ತಿಗೊಮ್ಮೆ ಎಣ್ಣೆಯಲ್ಲಿ ಮುಳುಗಿ ಎಲ್ಲ ಕಡೆ ಎರಚುತ್ತದೆ. ಎಣ್ಣೆಯ ಜೊತೆ ಮರಳನ್ನೂ ಇಷ್ಟು ವರ್ಷ ಎರಚಿದೆ. ಆ ರಾಡಿನ ಬುಡದ ಬಿಗ್ ಎಂಡ್ ಬೇರಿಂಗ್ ತಿಂದು ಹೋಗಿತ್ತು, ಸಿಲಿಂಡರಿನ ಒಳಗೋಡೆಯಲ್ಲಿ ಉಗುರು ಆಡಿಸಿದರೆ ಗೀರು ಸಿಗುತ್ತಿತ್ತು. ಮಾವ ಪ್ರತಿ ವರ್ಷ ಎಣ್ಣೆ ಬದಲಿಸಿದವನೇ. ಆದರೂ ಹೀಗೆ. ಹಳೇ ಲಿಸ್ಟರ್ ಮಾದರಿ ಇಂಜಿನ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಮಾತು: ಮೊದಲು ಆ ಬಾಗಿಲು ತೆಗೆದು ತಳ ಬಳಿದು ನೋಡಿ. ಉಳಿದದ್ದೆಲ್ಲ ಆಮೇಲೆ.

ನಾನು ಉಳಿ, ತಂತಿ ಬ್ರಷ್ ಹಿಡಿದು ನಾಲ್ಕು ದಿನ ಅದನ್ನೇ ಕೆರೆದೆ. ಆಮೇಲೆ ಒಳಗೆಲ್ಲ ಎಣ್ಣೆಗೆ ಕರಗದ ಬಣ್ಣ ಹೊಡೆದೆ, ಉಳಿದ ಒಂದೆರಡು ಕಣ ಇದ್ದರೂ ಅಲ್ಲೇ ಹಿಡಿದುಕೊಳ್ಳಲಿ ಅಂತ. ಗೀರು ಹೋಗುವ ಹಾಗೆ ಸಿಲಿಂಡರನ್ನು ಕೊರೆದು ಅಗಲಿಸುವ ಬ್ಲಾಕ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಹುಬ್ಬಳ್ಳಿಯಲ್ಲಿ ಆಯಿತು. ಅದಕ್ಕೆ ಹೊಂದುವ ಓವರ್‌ಸೈಜ್ ಪಿಸ್ಟನ್, ರಿಂಗ್, ಬೇರಿಂಗ್ ನೀನು ಕಳಿಸಿದ್ದು. ವಾಲ್ವ್ ನಾನೇ ಪೇಸ್ಟ್ ಹಚ್ಚಿ ಅಂಗೈಯಲ್ಲಿ ಕಡ್ಡಿ ತಿರುಗಿಸಿ ಉಜ್ಜಿದೆ. ಆಮೇಲೆ ವಾಲ್ವ್ ಹಿಂದಿನ ದಾರಿಗೆ, ಅಂದರೆ ಪೋರ್ಟಿಗೆ, ಡೀಸೆಲ್ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೆಳಗಿಟ್ಟ ಪೇಪರ್ ಒಣಗಿಯೇ ಇತ್ತು, ಒಂದು ಹನಿಯೂ ಸೋರಿರಲಿಲ್ಲ.

ಮಳೆಗಾಲದಲ್ಲಿ ಕರಾವಳಿಯಲ್ಲಿ ಈ ಕೆಲಸ ಹಿಡಿಯಲೇಬಾರದು, ಮಾರಾಯ. ಸಂಜೆ ಹೊಳೆಯುವ ಹಾಗೆ ಒರೆಸಿಟ್ಟದ್ದು ಬೆಳಿಗ್ಗೆ ಅರಿಶಿನ ಬಳಿದ ಹಾಗೆ ತುಕ್ಕು. ಕೊನೆಗೆ ಎಲ್ಲದಕ್ಕೂ ಗ್ರೀಸ್ ಬಳಿದು ಹಳೇ ಲುಂಗಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ, ಒಲೆಯ ಹೊಗೆ ತಾಗುವಲ್ಲಿ. ಆಯಿ ಏನೂ ಅನ್ನಲಿಲ್ಲ, ಹಪ್ಪಳದ ಡಬ್ಬಿಗಳನ್ನು ಅವಳೇ ಆಚೆ ಸರಿಸಿ ಜಾಗ ಮಾಡಿಕೊಟ್ಟಳು.

ಜೋಡಿಸುವಾಗ ಒಂದು ಕೆಲಸ ನಿನಗೆ ತೋರಿಸಬೇಕಿತ್ತು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಹೆಡ್ಡಿಗೂ ಅದಕ್ಕೂ ನಡುವೆ ಎಷ್ಟು ಜಾಗ ಅಂತ ಕಣ್ಣಿಗೆ ಕಾಣುವುದಿಲ್ಲ. ಜಾಸ್ತಿ ಇದ್ದರೆ ಗಾಳಿ ಸಾಕಷ್ಟು ಒತ್ತಿ ಬಿಸಿಯಾಗುವುದಿಲ್ಲ, ಡೀಸೆಲ್ ಹೊತ್ತುವುದೇ ಆ ಬಿಸಿಗೆ. ಕಡಿಮೆ ಇದ್ದರೆ ಪಿಸ್ಟನ್ ಹೋಗಿ ಹೆಡ್ಡಿಗೇ ಬಡಿಯುತ್ತದೆ. ಅದಕ್ಕೆ ಮೀನುಬಲೆಗೆ ಕಟ್ಟುವ ಸೀಸದ ಗುಂಡು ತಂದು, ತಟ್ಟಿ ತಂತಿ ಮಾಡಿ, ಪಿಸ್ಟನ್ ತಲೆಗೆ ಗ್ರೀಸಿನಲ್ಲಿ ಅಂಟಿಸಿ, ಹೆಡ್ ಬಿಗಿದು ಫ್ಲೈವೀಲನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದೆ. ಬಿಚ್ಚಿ ನೋಡಿದರೆ ಸೀಸ ಚಪ್ಪಟೆಯಾಗಿತ್ತು, ತುಳಸಿ ಎಲೆಯ ಹಾಗೆ. ಅಳೆದರೆ 2 ಮಿಲಿಮೀಟರ್ ದಾಟಿತ್ತು. ಬ್ಲಾಕಿನ ಬುಡದ ಶಿಮ್, ಅಂದರೆ ತೆಳು ತಗಡು, ಒಂದು ತೆಗೆದು ಮತ್ತೆ ಬಿಗಿದೆ, ಮತ್ತೆ ಸೀಸ, ಮತ್ತೆ ಬಿಚ್ಚು. ಮೂರನೇ ಸಲಕ್ಕೆ ಒಂದೂವರೆಗೆ ಬಂದು ನಿಂತಿತು. ಆ ಮೂರು ಸೀಸದ ಎಲೆಗಳೂ ನನ್ನ ಡ್ರಾಯರಿನಲ್ಲಿವೆ.

ದಸರೆಯ ಆಯುಧಪೂಜೆಯ ದಿನ ಚಾಲೂ ಮಾಡಿದೆ. ಇಂಜಿನ್ ತಣ್ಣಗಿರಲಿ ಅಂತ 200 ಲೀಟರ್ ಡ್ರಮ್ಮಿನಲ್ಲಿ ನೀರು ತುಂಬಿ ಪೈಪ್ ಕೊಟ್ಟಿದ್ದೆ. ಅದಕ್ಕೆ ಪಂಪ್ ಬೇಡ, ಬಿಸಿಯಾದ ನೀರು ತಾನೇ ಮೇಲೇರಿ ತಣ್ಣೀರು ಕೆಳಗಿಂದ ಬರುತ್ತದೆ. ಡೀಸೆಲ್ ಪೈಪಿನ ಏರ್ ತೆಗೆದೆ. ವಾಲ್ವ್ ಎತ್ತುವ ಲಿವರ್ ಹಿಡಿದು ಹ್ಯಾಂಡಲ್ ತಿರುಗಿಸಿದೆ, ಮಾವ ಕಲಿಸಿದ ಹಾಗೆ ಹೆಬ್ಬೆರಳನ್ನು ಉಳಿದ ಬೆರಳಿನ ಕಡೆಗೇ ಇಟ್ಟುಕೊಂಡು. ಐದಾರು ಸುತ್ತು ವೇಗ ಬಂದ ಮೇಲೆ ಲಿವರ್ ಬಿಟ್ಟೆ. ಒಂದು ಬಿಳಿ ಹೊಗೆ. ನಿಂತಿತು. ಇನ್ನೊಮ್ಮೆ. ಅದೂ ಇಲ್ಲ. ಮೂರನೇ ಸಲ ನಾಜಲ್ಲಿನಲ್ಲಿ ಕರ್ರ್ ಅನ್ನುವ ಸದ್ದು ಕೇಳಿತು, ಅದು ಕೇಳಿದರೆ ಡೀಸೆಲ್ ಒಳಗೆ ಸರಿಯಾಗಿ ಚಿಮ್ಮಿದೆ ಅಂತ ಅರ್ಥ. ಲಿವರ್ ಬಿಟ್ಟ ಕೂಡಲೇ ಡುಕ್. ಸ್ವಲ್ಪ ಬಿಟ್ಟು ಡುಕ್. ಆಮೇಲೆ ಹಿಡಿದುಕೊಂಡಿತು. ಮಾವನಿಗೆ ಫೋನ್ ಮಾಡಿ ಸುಮ್ನೆ ಫೋನನ್ನು ಇಂಜಿನ್ ಕಡೆ ಹಿಡಿದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

ಇನ್ನು ಮಾರುವ ಕಥೆ. ಲೆಕ್ಕ ಮೊದಲು ಹೇಳುತ್ತೇನೆ. ಮಾವನ ಮನೆಗೆ 8,000, ಪಿಕಪ್ಪಿಗೆ 4,500, ನಿನ್ನ ಸಾಮಾನು 12,400, ಹುಬ್ಬಳ್ಳಿಯಲ್ಲಿ 9,600, ಬಣ್ಣ, ಗ್ಯಾಸ್ಕೆಟ್, ಎಣ್ಣೆ ಅಂತ 2,500. ಒಟ್ಟು 37,000. ನನ್ನ ಐದು ತಿಂಗಳ ಸಂಜೆ ಲೆಕ್ಕಕ್ಕೆ ಹಿಡಿದಿಲ್ಲ. ಫೋಟೋ ಹಾಕಿ 40,000 ಅಂತ ಬರೆದೆ. ಗುಜರಿಯವನು ಕಿಲೋಗೆ 28 ಅಂದ, ಅಂದರೆ ಒಂಬತ್ತು ಸಾವಿರ ಚಿಲ್ಲರೆ. ಹೊನ್ನಾವರದಿಂದ ಒಬ್ಬರು ದೋಣಿಗೆ ಕೂರಿಸಬಹುದಾ ಕೇಳಿದರು. ಮುನ್ನೂರು ಕಿಲೋ ದಾಟುವ ಇಂಜಿನ್ ಸಣ್ಣ ದೋಣಿಗೆ ಹಾಕಿದರೆ ಜೀವಕ್ಕೆ ಅಪಾಯ, ಬೇಡ ಅಂದೆ. ಆಮೇಲೆ ಒಬ್ಬ ಹೋಂಸ್ಟೇ ಮಾಲೀಕರು ಬಂದರು. ಒಳ್ಳೆಯ ಮನುಷ್ಯ, ಚೌಕಾಶಿ ಮಾಡಲಿಲ್ಲ, 45,000 ಕೊಡುತ್ತೇನೆ ಅಂದರು. ಬಂಗಾರದ ಬಣ್ಣ ಹೊಡೆದು ಗೇಟಿನ ಎದುರು ಕಟ್ಟೆಯ ಮೇಲೆ ಇಡಬೇಕಂತೆ. ಓಡಿಸುತ್ತೀರಾ ಅಂತ ಕೇಳಿದೆ. ಸದ್ದಿಗೆ ಗೆಸ್ಟ್‌ಗಳಿಗೆ ತೊಂದರೆ ಆಗುತ್ತದಲ್ಲ ಅಂದರು. ಎರಡು ದಿನ ಕೊಡಿ ಅಂದೆ. ಆ ಎರಡು ರಾತ್ರಿಯೂ ನನಗೆ ನಿದ್ದೆ ಸರಿ ಬರಲಿಲ್ಲ.

ಎರಡನೇ ದಿನವೇ ಸಿದ್ದಾಪುರ ಕಡೆಯ ಹಿರಿಯರೊಬ್ಬರು ಬಸ್ಸಿನಲ್ಲಿ ಬಂದರು. ಇನ್ನೂ ಆಲೆಮನೆ ಮಾಡುವವರು. ಕೋಣ ಕಟ್ಟುತ್ತಿದ್ದರಂತೆ, ಈಗ ಒಂದು ಕೋಣ ಮುದಿಯಾಗಿದೆ, ಗದ್ದೆಯ ಹತ್ತಿರ ತ್ರೀಫೇಸ್ ಕರೆಂಟ್ ಇಲ್ಲ. ಬಣ್ಣ ನೋಡಲೇ ಇಲ್ಲ. "ತಮಾ, ಸುಮ್ನೆ ಓಡುವುದು ಬೇಡ, ಲೋಡ್ ಮೇಲೆ ಓಡಿಸು" ಅಂದರು. ಲೋಡ್ ಎಲ್ಲಿಂದ ತರಲಿ? ಅವರೇ ಒಂದು ಹಲಗೆ ತಂದು ಫ್ಲೈವೀಲಿನ ಅಂಚಿಗೆ ಒತ್ತಿ ಹಿಡಿದರು. ವೇಗ ಬೀಳದ ಹಾಗೆ ಡೀಸೆಲ್ ಬಿಡುವ ಗವರ್ನರ್ ತೆರೆದುಕೊಂಡಿತು, ಸದ್ದು ದಪ್ಪವಾಯಿತು, ಹಲಗೆಯಿಂದ ಸುಟ್ಟ ವಾಸನೆ ಬಂತು, ಆದರೆ ಇಂಜಿನ್ ಸೋಲಲಿಲ್ಲ. ಸೈಲೆನ್ಸರ್ ಬಾಯಿಗೆ ಬೆರಳು ಆಡಿಸಿ ಮೂಸಿ ನೋಡಿದರು. ನಾನು ಎಲ್ಲ ಹೇಳಿದೆ: ಹೆಡ್ಡಿನ ನೀರಿನ ಬಾಯಿಯ ಹತ್ತಿರ ಒಂದು ವೆಲ್ಡಿಂಗ್ ಇದೆ, ನಾಜಲ್ ಹಳೆಯದೇ, ಗಂಟೆಗೆ ಒಂದೂಕಾಲು ಲೀಟರ್ ಕುಡಿಯುತ್ತದೆ. ಅವರು 32,000 ಅಂದರು. 20,000 ಈಗ, ಉಳಿದದ್ದು ಬೆಲ್ಲ ಮಾರಿದ ಮೇಲೆ.

ಹೂಂ ಅಂದೆ. 5,000 ಲುಕ್ಸಾನು, ಹೋಂಸ್ಟೇಯವರ ಲೆಕ್ಕಕ್ಕೆ 13,000. ಮನೆಯಲ್ಲಿ ಹೆಂಡತಿಗೆ ಮೊದಲೇ ಹೇಳಿದ್ದೆ, ಅವಳು "ಓಡಿಸುವವರಿಗೇ ಕೊಡಿ" ಅಂದಳು. ಐದು ತಿಂಗಳು ಕೂತು ಮರಳು ಕೆರೆದದ್ದು ಅದು ತಿರುಗಲಿ ಅಂತ. ನಿಲ್ಲಿಸಿ ಇಡುವುದಾದರೆ ಮಾವನ ಕೊಟ್ಟಿಗೆ ಏನು ಕಡಿಮೆ ಇತ್ತು?

ಮುಂದಿನ ವಾರ ಮತ್ತೆ ಘಟ್ಟ ಹತ್ತಿಸಬೇಕು. ಈ ಸಲ ಫ್ಲೈವೀಲ್ ಬಿಚ್ಚಿಯೇ ಹೇರುತ್ತೇನೆ. ಅಲ್ಲಿ ಕಲ್ಲಿನ ಮೇಲೆ ಮರದ ದಿಮ್ಮಿ ಹಾಕಿ ಮಟ್ಟ ಮಾಡಿ ಕೂರಿಸಿ, ಬೆಲ್ಟ್ ನೇರ ನೋಡಿ, ಒಂದು ದಿನ ಅಲ್ಲೇ ಉಳಿದು ಬರುವ ಯೋಚನೆ. ನಿನ್ನಿಂದ ಇನ್ನೊಂದು ಕೆಲಸ ಆಗಬೇಕು. ಒಂದು ಹೊಸ ನಾಜಲ್, ಎರಡು ಹೆಡ್ ಗ್ಯಾಸ್ಕೆಟ್ ಕಳಿಸು, ಅವರ ಹತ್ತಿರ ಇರಲಿ, ನಡುರಾತ್ರಿ ಕೊಪ್ಪರಿಗೆ ಕುದಿಯುವಾಗ ಕೈಕೊಟ್ಟರೆ ಕಷ್ಟ. ಬಿಲ್ ತಪ್ಪದೆ ಹಾಕು. ಆಲೆಮನೆ ಜನವರಿ ಕೊನೆಗೆ ಅಂದಿದ್ದಾರೆ. ರಜೆ ಹಾಕಿ ಬಾ. ಕಂಬಳಿ ನಾನು ತರುತ್ತೇನೆ.

ನಿನ್ನ,
ಕುಮಟೆಯ ಗೆಳೆಯ