ಮೊಳೆ ಹೊಡೆಯುವ ಮೊದಲು

ಮ್ಯಾಂಚೆಸ್ಟರ್
ಜುಲೈ 14

ಪ್ರೀತಿಯ ಅಕ್ಕನಿಗೆ,

ಆಗಸ್ಟಿನಲ್ಲಿ ಚಿತ್ರಕಲಾ ಪರಿಷತ್ತಿನಲ್ಲಿ ನಿಮ್ಮ ಗುಂಪಿಗೆ ಹಾಲ್ ಸಿಕ್ಕಿತು ಅಂತ ಓದಿ ತುಂಬಾ ಸಂತೋಷವಾಯಿತು. ನಲವತ್ತು ಜಲವರ್ಣ ಚಿತ್ರ ಹಾಕಬೇಕು ಅಂತಿದ್ದೀಯ. ನನ್ನನ್ನು ಕೇಳಿದರೆ ಇಪ್ಪತ್ತೈದು ಸಾಕು. ಒತ್ತೊತ್ತಾಗಿ ನೇತುಹಾಕಿದರೆ ತಿಳಿಬಣ್ಣದ ಚಿತ್ರಗಳು ಪಕ್ಕದ ಗಾಢ ಚಿತ್ರದ ಮುಂದೆ ಸೋತುಹೋಗುತ್ತವೆ. ಫೋನಿನಲ್ಲಿ ಅಳತೆ ಹೇಳಿದರೆ ಎಲ್ಲೋ ತಪ್ಪುತ್ತೆ ಅಂತ ಎಲ್ಲ ಬರೆದೇ ಕಳಿಸುತ್ತಿದ್ದೇನೆ.

ಮೊದಲು ಫ್ರೇಮಿನ ವಿಷಯ, ಯಾಕಂದರೆ ಬೆಂಗಳೂರಲ್ಲಿ ಆಗ ಮಳೆಗಾಲ. ಚಿತ್ರದ ಕಾಗದ ಗಾಜಿಗೆ ತಾಗಲೇಬಾರದು. ತಾಗಿದ ಕಡೆ ತೇವ ನಿಂತು ಬೂಷ್ಟು ಹಿಡಿಯುತ್ತೆ, ಬಣ್ಣ ಗಾಜಿಗೇ ಅಂಟಿಕೊಳ್ಳುತ್ತೆ. ಅದಕ್ಕೇ ನಡುವೆ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಚೌಕಟ್ಟಿನಂತೆ ಕತ್ತರಿಸಿದ ದಪ್ಪ ರಟ್ಟು, ಬೇಕು, ಆ್ಯಸಿಡ್ ಇಲ್ಲದ್ದು, ಒಂದೂವರೆ ಮಿಲಿಮೀಟರ್ ದಪ್ಪದ್ದು. ಫ್ರೇಮ್ ಅಂಗಡಿಯವರು ಹಿಂದೆ ಹಾರ್ಡ್‌ಬೋರ್ಡ್ ಹಾಕಿಕೊಡುತ್ತಾರೆ. ಅದಕ್ಕೂ ಚಿತ್ರಕ್ಕೂ ನಡುವೆ ಆ್ಯಸಿಡ್ ಇಲ್ಲದ ಹಾಳೆ ಇಡಲು ಹೇಳು, ಇಲ್ಲದಿದ್ದರೆ ಕೆಲವು ವರ್ಷಕ್ಕೆ ಕಾಗದ ಕಂದುಗಟ್ಟುತ್ತೆ.

ಚಿತ್ರವನ್ನು ಅಂಟಿಸುವುದು ಮೇಲಿನ ಅಂಚಿನಲ್ಲಿ ಮಾತ್ರ, ಎರಡೇ ಕಡೆ. ನಾಲ್ಕೂ ಮೂಲೆ ಅಂಟಿಸಿದರೆ, ಮಳೆಯ ದಿನ ಕಾಗದ ಹಿಗ್ಗಿದಾಗ ಹೋಗಲು ಜಾಗವಿಲ್ಲದೆ ಅಲೆ ಅಲೆಯಾಗಿ ಉಬ್ಬುತ್ತೆ. ಸೆಲ್ಲೋ ಟೇಪ್ ಹತ್ತಿರವೂ ತರಬೇಡ, ಅದರ ಹಳದಿ ಕಲೆ ಕಾಗದದೊಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ತೆಳುವಾದ ಜಪಾನೀ ಕಾಗದದ ಚೂರು, ಗೋಧಿ ಪಿಷ್ಟದ ಅಂಟು, ಇಷ್ಟೇ. ಬೈಂಡಿಂಗ್ ಅಂಗಡಿಯ ಮೈದಾ ಅಂಟು ಬೇಡ. ಹುಳ ಹಿಡಿಯದಿರಲಿ ಅಂತ ಅದಕ್ಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಬೆರೆಸುವ ವಾಡಿಕೆ ಇದೆ. ಆ ತಾಮ್ರ ಕಾಗದವನ್ನು ಒಳಗಿಂದ ತಿಂದು ಪೆಡಸು ಮಾಡುತ್ತೆ.

ಈಗ ಗೋಡೆ. ಮೊಳೆ ಹೊಡೆಯಲು ಬಿಡುತ್ತಾರೋ, ಮೇಲಿನಿಂದ ದಾರ ಇಳಿಬಿಡಬೇಕೋ ಅಂತ ಹಾಲಿನವರನ್ನು ಮೊದಲೇ ಕೇಳಿಕೊ. ಎಲ್ಲ ಚಿತ್ರಗಳ ನಡುಮಧ್ಯ ನೆಲದಿಂದ 150 ಸೆಂಟಿಮೀಟರಿಗೆ ಬರಲಿ. ಮೇಲಂಚನ್ನು ಒಂದೇ ಗೆರೆಗೆ ತಂದರೆ, ಸಣ್ಣ ಚಿತ್ರಗಳು ಕಣ್ಣಿಗಿಂತ ಮೇಲೆ ಹೋಗಿ ಕೂರುತ್ತವೆ. ಫ್ರೇಮ್ 60 ಸೆಂಟಿಮೀಟರ್ ಎತ್ತರ ಇದೆ ಅಂದುಕೊ. 150ಕ್ಕೆ ಅರ್ಧ ಎತ್ತರ 30 ಕೂಡಿಸು. ಹಿಂದಿನ ದಾರವನ್ನು ಬೆರಳಲ್ಲಿ ಬಿಗಿಯಾಗಿ ಮೇಲಕ್ಕೆ ಎಳೆದು, ಅದು ಮೇಲಂಚಿಗಿಂತ ಎಷ್ಟು ಕೆಳಗೆ ನಿಲ್ಲುತ್ತೆ ನೋಡು. 5 ಸೆಂಟಿಮೀಟರ್ ಬಂದರೆ ಅದನ್ನು ಕಳೆ. ಮೊಳೆ 175ಕ್ಕೆ. ದಾರವನ್ನು ಎಳೆಯದೆ ಅಳೆದರೆ ಚಿತ್ರ ಬೇರೆ ಎತ್ತರದಲ್ಲಿ ನಿಲ್ಲುತ್ತೆ, ಹೆಚ್ಚಿನವರು ತಪ್ಪುವುದು ಇಲ್ಲೇ.

ಅಂತರದ ಲೆಕ್ಕವೂ ಹಾಗೇ. 6 ಮೀಟರ್ ಗೋಡೆಗೆ 60 ಸೆಂಟಿಮೀಟರ್ ಅಗಲದ ಐದು ಚಿತ್ರ ಅಂದರೆ ಉಳಿಯುವುದು 300. ಅದನ್ನು ಐದರಿಂದಲ್ಲ, ಆರರಿಂದ ಭಾಗಿಸು, ಎರಡೂ ತುದಿ ಸೇರಿ ಆರು ಸಂದು ಇರುತ್ತವಲ್ಲ. ಒಂದೊಂದಕ್ಕೆ 50. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ಚೂರು ಅಂಟಿಸು, ಗಾಳಿಯೂ ಆಡುತ್ತೆ, ಚಿತ್ರವೂ ಓರೆಯಾಗುವುದಿಲ್ಲ.

ಬೆಳಕಿನಲ್ಲಿ ದಯವಿಟ್ಟು ಜಿಪುಣಿಯಾಗು. ಜಲವರ್ಣಕ್ಕೆ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಸಾಕು. ಮೊದಲ ನಿಮಿಷ ಮಂಕು ಅನ್ನಿಸುತ್ತೆ, ಆಮೇಲೆ ಕಣ್ಣು ಹೊಂದಿಕೊಳ್ಳುತ್ತೆ. ಸ್ಪಾಟ್ ಲೈಟನ್ನು ನೇರ ಕೆಳಮುಖದಿಂದ ಸುಮಾರು 30 ಡಿಗ್ರಿ ಗೋಡೆಯ ಕಡೆ ತಿರುಗಿಸು. ಅದಕ್ಕಿಂತ ಕಡಿಮೆಯಾದರೆ ಫ್ರೇಮಿನ ನೆರಳು ಚಿತ್ರದ ಮೇಲೆ ಬೀಳುತ್ತೆ, ಹೆಚ್ಚಾದರೆ ಗಾಜು ಹೊಳೆದು ನೋಡುವವರ ಕಣ್ಣು ಕುಕ್ಕುತ್ತೆ. ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು. ಪರಿಷತ್ತಿನವರು ಜನವರಿಯಲ್ಲಿ ಬೀದಿಯಲ್ಲೇ ನಡೆಸುವ ಚಿತ್ರಸಂತೆ ನೆನಪಿಸಿಕೊ: ಕುಮಾರಕೃಪಾ ರಸ್ತೆಯ ಬಿಸಿಲಲ್ಲಿ 50,000 ಲಕ್ಸ್ ಇದ್ದರೆ, ಎಂಟು ಗಂಟೆ ನಿಂತ ಚಿತ್ರ ನಿಮ್ಮ ಹಾಲಿನ ಸಾವಿರ ದಿನದ ಬೆಳಕನ್ನು ಒಂದೇ ದಿನ ಕುಡಿಯುತ್ತೆ. ಅಲ್ಟ್ರಾಮರೀನ್ ಅನ್ನುವ ನೀಲಿ ಬಣ್ಣ ತಡೆದುಕೊಳ್ಳುತ್ತೆ. ತೆಳುವಾಗಿ ಹಚ್ಚಿದ ಅಲಿಜರಿನ್ ಕ್ರಿಮ್ಸನ್ ಅನ್ನುವ ಕೆಂಪು ಮಾಸಿಹೋಗುತ್ತೆ. ನಿನ್ನ ದಾಸವಾಳದ ಚಿತ್ರದಲ್ಲಿ ಅದೇ ಕೆಂಪು ಇದೆ ಅಲ್ಲವಾ? ಅದನ್ನು ಕಿಟಕಿಯಿಂದ ದೂರದ ಗೋಡೆಗೆ ಹಾಕು.

ಇಷ್ಟರೊಳಗೆ ಒಂದು ದಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್ನಿಗೆ, ಅದೇ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ, ಹೋಗಿ ಬಾ. ಸೋಮವಾರ ರಜೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಅನ್ನುವ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಮ್ಮನ್ನೂ ನೋಡು. ಚಿತ್ರಗಳನ್ನಂತೂ ನೋಡೇ ನೋಡುತ್ತೀಯ. ಈ ಸಲ ಎತ್ತರ, ಸಂದು, ಲೇಬಲ್ ಎಲ್ಲಿ ಅಂಟಿಸಿದ್ದಾರೆ, ಲೈಟ್ ಯಾವ ಕಡೆಯಿಂದ ಬರುತ್ತೆ ಅನ್ನುವುದನ್ನೂ ಗಮನಿಸು. ಅಮ್ಮನನ್ನೂ ಕರೆದುಕೊಂಡು ಹೋಗು. ಅವಳ ಎತ್ತರಕ್ಕೆ ಲೇಬಲ್ ಓದಲು ಆಗುತ್ತಾ ಕೇಳು, ನಿಮ್ಮದರ ಅಕ್ಷರದ ಗಾತ್ರ ಅಲ್ಲೇ ತೀರ್ಮಾನವಾಗುತ್ತೆ.

ಎಲ್ಲ ಚಿತ್ರಗಳನ್ನು ಗೋಡೆಯ ಬುಡದಲ್ಲಿ ಸಾಲಾಗಿ ಒರಗಿಸಿ, ಒಂದು ಫೋಟೊ ತೆಗೆದು ಕಳಿಸು. ಅದನ್ನು ನೋಡಿ ಉತ್ತರ ಬರೆಯುತ್ತೇನೆ, ಅಲ್ಲಿವರೆಗೆ ಒಂದು ಮೊಳೆಯನ್ನೂ ಹೊಡೆಯಬೇಡಿ.

ಅಪ್ಪ ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಮ್ಮ