ಮಾಣಿಯ ರಜೆಗೊಂದು ಕೆಲಸ

ಸ್ಟುಟ್‌ಗಾರ್ಟ್, ಏಪ್ರಿಲ್ 5

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ?

ಹತ್ತನೆಯ ಪರೀಕ್ಷೆ ಮುಗಿದದ್ದೇ ತಡ, ನಿನ್ನ ಮಾಣಿ ಮೊಬೈಲಿನೊಳಗೆ ಹೊಕ್ಕಿದ್ದಾನೆ, ಎರಡು ತಿಂಗಳು ಏನು ಮಾಡಿಸುವುದು ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಹೊರಟರೆ ಭಾವ ನಡುವೆ ಬಾಯಿ ಹಾಕುತ್ತಾರೆ. ಅದಕ್ಕೇ ಈ ಕಾಗದ.

ಏನು ಮಾಡಿಸಿದರೂ ಸಂಬಳ ಮೊದಲೇ ಮಾತಾಡಿ, ಅವನ ಕೈಗೇ ಕೊಡಿ. ಹದಿನೈದು ವರ್ಷಕ್ಕೆ ನನ್ನನ್ನು ಪೇಟೆಯ ಬಟ್ಟೆ ಅಂಗಡಿಗೆ ಕಳಿಸಿದ್ದು ನೆನಪಿದೆಯಾ? ಎರಡು ತಿಂಗಳು ಥಾನು ಬಿಚ್ಚಿ ಮಡಚಿದ್ದಕ್ಕೆ ಸಿಕ್ಕಿದ್ದು ಒಂದು ಪ್ಯಾಂಟ್ ಪೀಸು. "ಮನೆಯ ಹುಡುಗನಲ್ಲವಾ" ಅಂದರು ಸಾಹುಕಾರರು. ಹೊಲಿಗೆಯ ದುಡ್ಡು ಅಪ್ಪನದ್ದೇ!

ಇಲ್ಲಿ ನಮ್ಮ ಮೇಲಿನ ಮನೆಯ ಹುಡುಗಿ ವಾರಕ್ಕೊಮ್ಮೆ ಮನೆಮನೆಗೆ ಜಾಹೀರಾತಿನ ಪತ್ರಿಕೆ ಹಾಕುತ್ತಾಳೆ. ಜರ್ಮನಿಯಲ್ಲಿ 13 ತುಂಬಿದವರು ಹೆತ್ತವರು ಒಪ್ಪಿದರೆ ದಿನಕ್ಕೆ 2 ಗಂಟೆ ಹಗುರ ಕೆಲಸ ಮಾಡಬಹುದು. 15 ದಾಟಿದ ಶಾಲೆಯ ಮಕ್ಕಳಿಗೆ ರಜೆಯಲ್ಲಿ ಪೂರ್ತಿ ದಿನದ ಕೆಲಸ ವರ್ಷಕ್ಕೆ 4 ವಾರ, ಅಷ್ಟೇ. ನಮ್ಮಲ್ಲೂ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಹಾಗಾಗಿ ಗುಡ್ಡೆಯಲ್ಲಿ ಗೇರುಬೀಜ ಹೆಕ್ಕಲಿ, ವಿಷುವಿಗೆ ಪಟಾಕಿ ದುಡ್ಡಾದರೂ ಆಗುತ್ತದೆ. ಆದರೆ ಬೀಜ ಸುಡುವಲ್ಲಿಗೆ ಬೇಡ, ಆ ಎಣ್ಣೆ ತಾಗಿದರೆ ಕೈಯ ಚರ್ಮ ಏಳುತ್ತದೆ. ತೋಟಕ್ಕೆ ಮದ್ದು ಬಿಡುವಲ್ಲಿಗಂತೂ ಬೇಡವೇ ಬೇಡ. 2000ದವರೆಗೆ ಹೆಲಿಕಾಪ್ಟರಿನಿಂದ ಗೇರುತೋಟಕ್ಕೆ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಕಾಸರಗೋಡಿನವಳಿಗೆ ನಾನು ಹೇಳಬೇಕಾ?

ಬದಿಯಡ್ಕದ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಕೇಳಿ ನೋಡು. ಮಲಯಾಳದಲ್ಲಿ ಬಂದ ಅರ್ಜಿ ಹಿಡಿದು "ಇದರಲ್ಲಿ ಎಂತ ಉಂಟು ಮಗಾ" ಅಂತ ನಿಲ್ಲುವ ಅಜ್ಜಂದಿರು ಎಷ್ಟು ಮಂದಿ! ಎರಡೂ ಲಿಪಿ ಓದುವ ಹುಡುಗ ಅಂಗಡಿಯವರಿಗೂ ಬೇಕು. ಅಡಿಕೆ ಸುಲಿಯಲು ಕೂರಿಸಿದರೆ ಅರ್ಧ ಗಂಟೆಗೆ ಎದ್ದು ಹೋಗುತ್ತಾನೆ, ನನಗೆ ಗೊತ್ತು.

ನನ್ನ ಮನಸ್ಸಿರುವುದು ಹಲಸಿನ ಹಪ್ಪಳದ ಮೇಲೆ. ಬೆಳೆದ ಕಾಯಿಯ ಸೊಳೆ ಬಿಡಿಸಿ, ಅಟ್ಟಿನಳಗೆಯ ಆವಿಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಹಾಕಿ ರುಬ್ಬುವಷ್ಟು ನೀನು ಮಾಡು. ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತುವುದು ಅವನ ಕೆಲಸ. ನಡು ದಪ್ಪವಾದರೆ ಕಾಯಿಸುವಾಗ ಹಸಿ ಉಳಿಯುತ್ತದೆ, ಅಂಚು ತೆಳುವಾದರೆ ಚಾಪೆಯಿಂದ ಏಳಿಸುವಾಗ ಹರಿಯುತ್ತದೆ. ಬೆಳಗ್ಗೆ ಹತ್ತರೊಳಗೆ ಅಂಗಳದಲ್ಲಿ ಹರಡಲೇಬೇಕು. ಕಾಗೆ ಓಡಿಸಲು ಕೂತಾಗ ಬೇಕಾದರೆ ಮೊಬೈಲ್ ನೋಡಲಿ. ಹಲಸು, ಮೆಣಸು ಎಲ್ಲದರ ಲೆಕ್ಕ ಅವನೇ ಬರೆಯಲಿ. ಉಳಿದದ್ದರಲ್ಲಿ ಅರ್ಧ ಅವನಿಗೆ.

ಮೊದಲ ಗಿರಾಕಿ ನಾನೇ, ಇನ್ನೂರು ಹಪ್ಪಳ ಬರೆದುಕೊಳ್ಳಲಿ. ಜೂನಿನಲ್ಲಿ ಭಾವನ ತಂಗಿ ಇತ್ತ ಬರುವಾಗ ಕೊಟ್ಟು ಕಳಿಸು. ರೇಟು ಅವನೇ ಹೇಳಲಿ, ನೀನು ನಡುವೆ "ಮಾವನ ಹತ್ತಿರ ದುಡ್ಡಾ" ಅನ್ನಬೇಡ.

ನಿನ್ನ ತಮ್ಮ